ಪಂಕ್ತಿಯಲ್ಲಿ ಕಲಿತ ಪಾಠ: ಉಚಿತ ಪ್ರಸಾದನಿಲಯಗಳ ಹಿರಿಮೆ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ದಾಸೋಹವನ್ನು ಬದುಕಿನ ಧರ್ಮವಾಗಿ ಎತ್ತಿ ಹಿಡಿದರು. ಕಾಯಕದಿಂದ ಗಳಿಸಿದ್ದು ಹಂಚಿ ಉಣ್ಣುವುದಕ್ಕೇ ಹೊರತು ಕೂಡಿಡುವುದಕ್ಕಲ್ಲ ಎಂಬುದು ಅದರ ತಿರುಳು. ಇಪ್ಪತ್ತನೆಯ ಶತಮಾನದ ಕನ್ನಡ ನಾಡಿನಲ್ಲಿ ಈ ತತ್ತ್ವವು ಹೊಸದೊಂದು ರೂಪ ತಾಳಿತು. ಅದೇ ಉಚಿತ ಪ್ರಸಾದನಿಲಯ.

ಆ ಕಾಲದಲ್ಲಿ ಹಳ್ಳಿಯ ಮಗುವಿಗೆ ಪ್ರಾಥಮಿಕ ಶಾಲೆಯಾಚೆಗಿನ ಓದು ಎಟುಕುವುದು ಕಷ್ಟವಾಗಿತ್ತು. ಪ್ರೌಢಶಾಲೆ, ಕಾಲೇಜುಗಳು ಪಟ್ಟಣಗಳಲ್ಲಿದ್ದವು. ಪಟ್ಟಣದಲ್ಲಿ ನೆಂಟರಿಲ್ಲದ ಬಾಲಕನಿಗೆ ಶುಲ್ಕಕ್ಕಿಂತಲೂ ದೊಡ್ಡ ಚಿಂತೆ ಎರಡು: ರಾತ್ರಿ ಮಲಗುವುದೆಲ್ಲಿ, ಹೊತ್ತಿಗೆ ಉಣ್ಣುವುದೆಲ್ಲಿ? ಬುದ್ಧಿಯಿದ್ದೂ ಎಷ್ಟೋ ಮಕ್ಕಳು ಈ ಎರಡು ಪ್ರಶ್ನೆಗಳ ಮುಂದೆ ಸೋತು ಊರಿಗೆ ಹಿಂದಿರುಗಿದರು. ಈ ಕೊರತೆಯನ್ನು ಅರಿತವರಲ್ಲಿ ಗುಬ್ಬಿ ತೋಟದಪ್ಪನವರು ಪ್ರಾತಃಸ್ಮರಣೀಯರು. ವ್ಯಾಪಾರದಿಂದ ಗಳಿಸಿದ ಸಂಪತ್ತನ್ನು ಅವರು ಧರ್ಮಕ್ಕೆ ಮುಡಿಪಾಗಿಟ್ಟರು. 1903ರಲ್ಲಿ ಬೆಂಗಳೂರಿನ ರೈಲು ನಿಲ್ದಾಣದ ಸಮೀಪ ಅವರು ಕಟ್ಟಿಸಿದ ಧರ್ಮಛತ್ರವು ಪ್ರಯಾಣಿಕರಿಗೆ ನೆರಳಾಯಿತು. ಅವರ ಹೆಸರಿನ ವಿದ್ಯಾರ್ಥಿನಿಲಯವು ಓದುವ ಮಕ್ಕಳಿಗೆ ಮನೆಯಾಯಿತು.

ಆ ಮನೆಯ ಅನ್ನವುಂಡವರಲ್ಲಿ ಮಾಗಡಿ ತಾಲ್ಲೂಕಿನ ವೀರಾಪುರದ ಶಿವಣ್ಣ ಎಂಬ ತರುಣನೂ ಒಬ್ಬ. 1907ರ ಏಪ್ರಿಲ್ 1ರಂದು ಜನಿಸಿದ ಶಿವಣ್ಣ ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡು, ಅಕ್ಕನ ಆಸರೆಯಲ್ಲಿ ನಾಗವಲ್ಲಿಯಲ್ಲಿ ಓದಿದನು. ಮುಂದೆ ತುಮಕೂರಿನಲ್ಲಿ ಓದುವಾಗ ಕೆಲಕಾಲ ಸಿದ್ಧಗಂಗಾ ಮಠದಲ್ಲಿದ್ದು, ಉದ್ದಾನ ಶಿವಯೋಗಿಗಳ ಕೃಪೆಗೆ ಪಾತ್ರನಾದನು. 1926ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿದಾಗ ತೋಟದಪ್ಪನವರ ವಿದ್ಯಾರ್ಥಿನಿಲಯ ಅವನಿಗೆ ಆಶ್ರಯವಿತ್ತಿತು. 1930ರಲ್ಲಿ ಮಠದ ಉತ್ತರಾಧಿಕಾರಿಯಾಗಿ ಸನ್ಯಾಸ ದೀಕ್ಷೆ ಪಡೆದು ಶಿವಕುಮಾರ ಸ್ವಾಮಿಗಳಾದವರು ಇವರೇ.

ಮನೆ ಬಿಟ್ಟು ಬರುವುದು ಮಗುವಿಗೆ ಸುಲಭದ ಮಾತಲ್ಲ. ಮೊದಲ ದಿನಗಳ ಕಣ್ಣೀರನ್ನು ಯಾವ ನಿಲಯವೂ ತಪ್ಪಿಸಲಾರದು. ತಾಯಿಯ ಮಡಿಲಿಗೆ ಸಮನಾದ ಸ್ಥಳ ಬೇರೊಂದಿಲ್ಲ. ತೀರಾ ಎಳೆಯ ಮಗುವನ್ನು ಅವಸರದಿಂದ ದೂರ ಕಳುಹಿಸುವುದು ವಿವೇಕವೂ ಅಲ್ಲ. ಆದರೆ ಮನೆಯೊಂದರಿಂದಲೇ ಬಾರದ ಕೆಲವು ಸಂಸ್ಕಾರಗಳು ಪ್ರಸಾದನಿಲಯದಲ್ಲಿ ಸಹಜವಾಗಿ ಬರುತ್ತವೆ. ಬೆಳಗಿನ ಜಾವದ ಪ್ರಾರ್ಥನೆಯಿಂದ ದಿನಕ್ಕೊಂದು ಕ್ರಮ ಬರುತ್ತದೆ. ತನ್ನ ಬಟ್ಟೆಯನ್ನು ತಾನೇ ಒಗೆದು, ತನ್ನ ತಟ್ಟೆಯನ್ನು ತಾನೇ ತೊಳೆಯುವುದರಿಂದ ಕಾಯಕದ ಗೌರವ ತಿಳಿಯುತ್ತದೆ. ಹಿರಿಯ ವಿದ್ಯಾರ್ಥಿ ಕಿರಿಯನಿಗೆ ಲೆಕ್ಕ ಹೇಳಿಕೊಡುವಾಗ ಇಬ್ಬರೂ ಕಲಿಯುತ್ತಾರೆ. ಎಲ್ಲಕ್ಕಿಂತ ಮಿಗಿಲಾದುದು ಪಂಕ್ತಿಭೋಜನ. ಉಳ್ಳವನ ಮಗನೂ ಇಲ್ಲದವನ ಮಗನೂ ಒಂದೇ ಸಾಲಿನಲ್ಲಿ ಕುಳಿತು ಒಂದೇ ಮುದ್ದೆ, ಒಂದೇ ಸಾರು ಉಂಡಾಗ, ಸಮತೆಯನ್ನು ಉಪದೇಶಿಸುವ ಅಗತ್ಯವೇ ಉಳಿಯುವುದಿಲ್ಲ.

1941ರಲ್ಲಿ ಉದ್ದಾನ ಶಿವಯೋಗಿಗಳು ಲಿಂಗೈಕ್ಯರಾದ ಬಳಿಕ ಮಠದ ಪೂರ್ಣ ಹೊಣೆ ಶಿವಕುಮಾರ ಸ್ವಾಮಿಗಳ ಹೆಗಲೇರಿತು. ಭಕ್ತರು ನೀಡಿದ ದವಸಧಾನ್ಯದಿಂದ ಒಲೆ ಆರದಂತೆ ನೋಡಿಕೊಂಡ ಅವರು, ಜಾತಿ ಮತಗಳನ್ನು ಎಣಿಸದೆ ಮಕ್ಕಳನ್ನು ಸೇರಿಸಿಕೊಂಡರು. ಅವರ ಕಾಲದಲ್ಲಿಯೇ ನಿಲಯದ ಮಕ್ಕಳ ಸಂಖ್ಯೆ ಎಂಟು ಸಾವಿರವನ್ನು ದಾಟಿತು. ಅನ್ನ, ಅಕ್ಷರ, ಆಶ್ರಯಗಳ ಈ ಸೇವೆಗಾಗಿ ನಾಡು ಅವರನ್ನು ತ್ರಿವಿಧ ದಾಸೋಹಿ ಎಂದು ಕರೆಯಿತು. 2007ರಲ್ಲಿ ಕರ್ನಾಟಕ ರತ್ನ, 2015ರಲ್ಲಿ ಪದ್ಮಭೂಷಣ ಅವರಿಗೆ ಸಂದವು.

ಇಲ್ಲಿಯೇ ಪ್ರಸಾದನಿಲಯದ ನಿಜವಾದ ಫಲ ಕಾಣುತ್ತದೆ. ಪರೀಕ್ಷೆಯ ಅಂಕಗಳು ಒಂದು ಲಾಭ, ಉದ್ಯೋಗ ಇನ್ನೊಂದು. ಆದರೆ ಯಾರೋ ಕಾಣದವರು ಬೆಳೆದ ಧಾನ್ಯವನ್ನು ಉಂಡು ಬೆಳೆದ ಮಗುವಿನ ಮೇಲೆ ಒಂದು ಋಣ ಉಳಿಯುತ್ತದೆ. ಅದನ್ನು ಕೊಟ್ಟವರಿಗೆ ಹಿಂದಿರುಗಿಸಲಾಗದು. ಮುಂದಿನ ಮಗುವಿಗೆ ಮಾತ್ರ ಸಲ್ಲಿಸಬಹುದು. ವೀರಾಪುರದ ಶಿವಣ್ಣ ತಾನುಂಡ ಅನ್ನದ ಋಣವನ್ನು ಎಂಟು ದಶಕಗಳಿಗೂ ಹೆಚ್ಚು ಕಾಲ ತೀರಿಸುತ್ತಲೇ ಇದ್ದರು.

2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದುದು ಮಧ್ಯಾಹ್ನಕ್ಕೆ ಮುನ್ನ. ಮಕ್ಕಳ ಪ್ರಸಾದ ಮುಗಿಯುವವರೆಗೆ ಸುದ್ದಿಯನ್ನು ತಿಳಿಸಬಾರದೆಂಬುದು ಅವರ ಇಚ್ಛೆಯಾಗಿತ್ತು. ಅದರಂತೆಯೇ ಮಕ್ಕಳು ಉಂಡೆದ್ದ ಮೇಲೆ ನಾಡಿಗೆ ಆ ವಾರ್ತೆ ತಿಳಿಯಿತು.