ಸಾಕುಪ್ರಾಣಿ ಆರೋಗ್ಯದ ಆ್ಯಪ್‌ಗಳು: ಸುಳ್ಳು ಸಮಾಧಾನದ ಅಪಾಯ

ಬೆಕ್ಕು ನೋವನ್ನು ಮುಚ್ಚಿಡುವ ಪ್ರಾಣಿ. ಅದರ ಗುಟ್ಟು ಹಿಡಿಯಲು ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು 2019ರಲ್ಲಿ ಒಂದು ಮಾಪಕ ಪ್ರಕಟಿಸಿದರು. ಕಿವಿಯ ನಿಲುವು, ಕಣ್ಣಿನ ಸಂಕೋಚ, ಮೂತಿಯ ಬಿಗಿತ, ಮೀಸೆಯ ದಿಕ್ಕು, ತಲೆಯ ಮಟ್ಟ ಇವು ಅದರ ಐದು ಗುರುತುಗಳು. ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. 10ರಲ್ಲಿ 4 ಮುಟ್ಟಿದರೆ ನೋವಿನ ಔಷಧದ ಯೋಚನೆ ಮಾಡಬೇಕು. ಮುಖ ನೋಡಿ ನೋವು ಗುರುತಿಸುವ ಈ ವಿದ್ಯೆಯನ್ನು ಕೃತಕ ಬುದ್ಧಿಮತ್ತೆಗೆ ಕಲಿಸಿದ ಆ್ಯಪ್‌ಗಳೂ ಬಂದವು: ಕ್ಯಾಲ್ಗರಿಯಿಂದ ಟ್ಯಾಬ್ಲಿ, ಜಪಾನಿನಿಂದ ಕ್ಯಾಟ್ಸ್‌ಮಿ. ನಿಹೋನ್ ವಿಶ್ವವಿದ್ಯಾಲಯದ ಸಂಶೋಧಕರ ನೆರವಿನಿಂದ ಸುಮಾರು 6,000 ಚಿತ್ರಗಳಲ್ಲಿ ಪಳಗಿದ ಕ್ಯಾಟ್ಸ್‌ಮಿ ಶೇ. 95ಕ್ಕೂ ಹೆಚ್ಚು ನಿಖರ ಎಂಬುದು ತಯಾರಕರ ಮಾತು.

ಹೂಡಿಕೆದಾರರ ಮುಂದೆ ನವೋದ್ಯಮಿ ಹಿಡಿಯುವುದೂ ಇಂಥ ಅಂಕಿಯನ್ನೇ. ಸಾವಿರ ಬೆಕ್ಕುಗಳಲ್ಲಿ 50ಕ್ಕೆ ನೋವಿದೆ, ನೋವು ಇರುವುದನ್ನೂ ಇಲ್ಲದಿರುವುದನ್ನೂ ಆ್ಯಪ್ ಶೇ. 95ರಷ್ಟು ಸರಿಯಾಗಿ ಹೇಳುತ್ತದೆ ಎಂದುಕೊಳ್ಳೋಣ. ಆಗ 47–48 ಬೆಕ್ಕುಗಳ ನೋವು ಪತ್ತೆಯಾಗುತ್ತದೆ. ನೋವಿಲ್ಲದ 950ರಲ್ಲೂ ಅಷ್ಟೇ ಬೆಕ್ಕುಗಳಿಗೆ ಎಚ್ಚರಿಕೆ ಬರುತ್ತದೆ. ಅಂದರೆ ಬಂದ ಎಚ್ಚರಿಕೆಗಳಲ್ಲಿ ಅರ್ಧ ಸುಳ್ಳು. ಎರಡು ಸಲ ಸುಮ್ಮನೆ ಕ್ಲಿನಿಕ್ಕಿಗೆ ಓಡಿ ಫೀಸು ತೆತ್ತವರು ಮೂರನೆಯ ಸಲ ಆ್ಯಪನ್ನು ನಂಬುವುದುಂಟೆ?

ಸುಳ್ಳು ಸಮಾಧಾನ ಇದಕ್ಕಿಂತ ಘೋರ. ಮೂತ್ರ ಕಟ್ಟಿದ ಗಂಡುಬೆಕ್ಕು ಮರಳಿನ ತಟ್ಟೆಯಲ್ಲಿ ಮತ್ತೆ ಮತ್ತೆ ಕೂತು ತಿಣುಕುತ್ತದೆ. ಮಲಬದ್ಧತೆಯಿರಬೇಕು ಎಂದುಕೊಂಡ ಮನೆಯವರು, ಲಕ್ಷಣ ಬರೆದರೆ ರೋಗ ಹೇಳುವ ಆ್ಯಪ್‌ಗೂ ಹಾಗೆಯೇ ಬರೆಯುತ್ತಾರೆ; ಅದು ಗಾಬರಿ ಬೇಡ ಎಂದರೆ ಕಾಯುತ್ತಾರೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಲು ಎರಡು ಮೂರು ದಿನ ಸಾಕು. ಹೊಟ್ಟೆ ಒತ್ತಿ ನೋಡುವ ವೈದ್ಯರ ಬೆರಳಿಗೆ ಕಲ್ಲಿನಂತೆ ಬಿಗಿದ ಮೂತ್ರಕೋಶ ಸಿಗುತ್ತದೆ; ಆ್ಯಪ್‌ಗೆ ಸಿಗುವುದು ಮನೆಯವರ ಊಹೆ. ಮನುಷ್ಯರಿಗಾಗಿ ಇದ್ದ 23 ರೋಗಲಕ್ಷಣ ತಂತ್ರಾಂಶಗಳನ್ನು 2015ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಅಧ್ಯಯನವೊಂದು ಪರೀಕ್ಷಿಸಿತ್ತು. ಪರೀಕ್ಷೆಗೆಂದೇ ಬರೆದ ಸ್ಪಷ್ಟ ವಿವರಣೆ ಕೊಟ್ಟರೂ ಅವು ಸರಿಯಾದ ರೋಗವನ್ನು ಮೊದಲಿಗೆ ಹೆಸರಿಸಿದ್ದು ಶೇ. 34ರಷ್ಟು ಪ್ರಕರಣಗಳಲ್ಲಿ ಮಾತ್ರ.

ಬೆಂಗಳೂರಿನಲ್ಲಿ ಇಂಥ ಉದ್ಯಮಕ್ಕೆ ಇಳಿಯುವವರು ಕಾನೂನನ್ನೂ ಓದಿಕೊಳ್ಳಬೇಕು. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ 30ನೇ ಕಲಂ ಪ್ರಕಾರ ಪಶುವೈದ್ಯ ವೃತ್ತಿ ನಡೆಸುವ ಹಕ್ಕು ನೋಂದಾಯಿತ ವೈದ್ಯರದು. ‘ಇದು ಮಾಹಿತಿ ಮಾತ್ರ’ ಎಂದು ಸಣ್ಣ ಅಕ್ಷರದಲ್ಲಿ ಬರೆದುಕೊಂಡು ಔಷಧದ ಹೆಸರು, ಪ್ರಮಾಣ ಹೇಳತೊಡಗಿದರೆ ಆ ಷರಾ ಎಷ್ಟರ ಮಟ್ಟಿಗೆ ಕಾಯುತ್ತದೆ ಎಂಬುದು ಅನುಮಾನ. ಮನೆಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಸಾಕು, ಬೆಕ್ಕಿನ ಜೀವ ತೆಗೆಯಬಲ್ಲದು. 2020ರ ಮಾರ್ಚ್‌ನ ಭಾರತದ ಟೆಲಿಮೆಡಿಸಿನ್ ಮಾರ್ಗಸೂಚಿ, ಕೃತಕ ಬುದ್ಧಿಮತ್ತೆ ತಾನೇ ರೋಗಿಗೆ ಸಲಹೆ ಕೊಡುವುದನ್ನೂ ಔಷಧ ಬರೆಯುವುದನ್ನೂ ನಿಷೇಧಿಸಿದೆ. ಆದರೆ ಅದು ಮನುಷ್ಯರ ಚಿಕಿತ್ಸೆಗೆ ಸೀಮಿತ. ಅಮೆರಿಕದಲ್ಲೂ ಪಶುವೈದ್ಯ ಸಾಧನಗಳಿಗೆ ಮಾರುಕಟ್ಟೆಗೆ ಬರುವ ಮುನ್ನ ಔಷಧ ನಿಯಂತ್ರಕ ಎಫ್‌ಡಿಎ ಅನುಮೋದನೆ ಬೇಕಿಲ್ಲ.

ಇನ್ನು ದುಡ್ಡು. ಆರೋಗ್ಯವಾಗಿರುವ ಬೆಕ್ಕಿಗಾಗಿ ತಿಂಗಳು ತಿಂಗಳು ಚಂದಾ ಕಟ್ಟುವವರು ಕಡಿಮೆ. ಮನುಷ್ಯರ ಆರೋಗ್ಯಕ್ಕೇ ಕೃತಕ ಬುದ್ಧಿಮತ್ತೆ ಬಳಸಿ, 2021ರಲ್ಲಿ ಷೇರುಪೇಟೆಗೆ ಬಂದಾಗ ನಾಲ್ಕು ಶತಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡಿದ್ದ ಬ್ರಿಟನ್ನಿನ ಬ್ಯಾಬಿಲಾನ್ ಹೆಲ್ತ್ 2023ರಲ್ಲಿ ಕುಸಿಯಿತು.

ಹಾಗಾಗಿ ಇಂಥ ಆ್ಯಪ್ ಮೊದಲು ಪಶುವೈದ್ಯರ ಮೇಜಿನ ಮೇಲೆ ಪಳಗಬೇಕು. ಮನೆಯವರ ಮೊಬೈಲಿಗೆ ಬರುವುದು ಆಮೇಲೆ. ತನ್ನ ಕಣ್ತಪ್ಪಿಸಿದ ಪ್ರಕರಣಗಳ ಪಟ್ಟಿಯನ್ನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಹೊರಗಿನ ಸಂಸ್ಥೆಯೊಂದರ ಪರಿಶೀಲನೆಗೆ ತೆರೆದಿಡಲು ಒಪ್ಪದ ನವೋದ್ಯಮಕ್ಕೆ ಯಾರೂ ಹಣ ಹಾಕಬಾರದು.