ಒಪ್ಪಿಸಿದ ಕೂಸಿನ ತೂಕ

ಚೀನಾದ ಪಂಚಾಂಗದಲ್ಲಿ ವರ್ಷಕ್ಕೆ 24 ಸಂಧಿಗಳು. ಏಳನೆಯದು ಲೀಶ್ಯಾ, ಬೇಸಿಗೆ ಕಾಲಿಡುವ ದಿನ. ಮೇ 5ಕ್ಕೋ 6ಕ್ಕೋ ಬರುತ್ತದೆ. ಅವತ್ತು ಯಾಂಗ್ತ್ಸೆ ನದಿಯ ಕೆಳಸೀಮೆಯ ಊರುಗಳಲ್ಲಿ ಮಕ್ಕಳನ್ನು ತೂಗುತ್ತಾರೆ. ಹಿಂದೆ ಧಾನ್ಯದ ಮೂಟೆ ತೂಗುತ್ತಿದ್ದ ಆಳುದ್ದದ ಮರದ ಕೋಲಿಗೆ ಬುಟ್ಟಿ ತೂಗುಬಿಟ್ಟು, ಅದರೊಳಗೆ ಮಗುವನ್ನು ಕೂರಿಸಿ ತೂಗುವುದು. ನಾನು ಸಂಸಾರ ಹೂಡಿರುವ ಕೆಚಿಯಾವ್‌ನಲ್ಲಿ ಈ ಪದ್ಧತಿ ಇನ್ನೂ ಬದುಕಿದೆ. ನನ್ನ ಮಗಳನ್ನೂ ಇಲ್ಲೇ ತೂಗಿದ್ದಾರೆ.

ಕೆಚಿಯಾವ್ ಇರುವುದು ಝೆಜಿಯಾಂಗ್ ಪ್ರಾಂತದ ಶಾವೊಶಿಂಗ್‌ನಲ್ಲಿ. ಎತ್ತ ನೋಡಿದರೂ ಕಾಲುವೆ. ದೋಣಿ ಎಳೆಯುವ ಆಳುಗಳು ನಡೆಯಲೆಂದು ನೀರಿನ ನಡುವೆಯೇ ಹಾಸಿದ ಕಲ್ಲಿನ ಹಾದಿ ಇಂದಿಗೂ ಊರಿನ ಪಕ್ಕದಲ್ಲಿದೆ. ಶಾವೊಶಿಂಗ್ ಅಂದರೆ ಮೂರು ಹರವಿಯ ನಾಡು ಅನ್ನುತ್ತಾರೆ: ಅಕ್ಕಿಯ ಮದ್ಯದ್ದು, ಸೋಯಾ ರಸದ್ದು, ಬಣ್ಣದ್ದು. ಪಕ್ಕದ ಹುವಾಶೆಯ ರೇಷ್ಮೆ ಹಿಂದಿನಿಂದ ಹೆಸರುವಾಸಿ. 1980ರ ದಶಕದಲ್ಲಿ ಹಳ್ಳಿಹಳ್ಳಿಯ ಕಾರ್ಖಾನೆಗಳು ಪಾಲಿಯೆಸ್ಟರ್ ನೇಯತೊಡಗಿದವು. ಕಾಲುವೆ ದಂಡೆಯಲ್ಲಿ ಥಾನು ಹರವಿ ಮಾರುತ್ತಿದ್ದವರಿಗೆ 1988ರಲ್ಲಿ ಸೂರಿನಡಿಯ ಮಾರುಕಟ್ಟೆ ಆಯಿತು. 1992ರಲ್ಲಿ ಅದಕ್ಕೆ ಚೀನಾ ಲೈಟ್ ಟೆಕ್ಸ್‌ಟೈಲ್ ಸಿಟಿ ಎಂದು ಹೆಸರಾಯಿತು. ನಮ್ಮ ದೇಶದ ವ್ಯಾಪಾರಿಗಳು ಬಂದದ್ದು ಆ ಬಟ್ಟೆಯ ಬೆನ್ನು ಹತ್ತಿ. ಈಗ ಸಿಂಧಿ, ಗುಜರಾತಿ, ಪಂಜಾಬಿ ಮನೆಗಳು ಸಾಕಷ್ಟಿವೆ. ತೊಗರಿಬೇಳೆ ಮಾರುವ ಅಂಗಡಿಗಳಿವೆ. ಕನ್ನಡದ ಮನೆಗಳು ಮಾತ್ರ ಬೆರಳೆಣಿಕೆ. ಊರಿನ ಬಗ್ಗೆ ಬರೆದವರು ಹೆಚ್ಚಾಗಿ ಬಟ್ಟೆಯ ಲೆಕ್ಕವನ್ನೇ ಬರೆಯುತ್ತಾರೆ. ಅದೇ ಬಟ್ಟೆಯಿಂದಾಗಿ ಇಲ್ಲಿಗೆ ಬಂದು ಮಕ್ಕಳನ್ನು ಬೆಳೆಸುತ್ತಿರುವವರ ಲೆಕ್ಕ ನನ್ನ ಕಣ್ಣಿಗೆ ಬಿದ್ದಿಲ್ಲ.

ನಾನು ರಬಕವಿ-ಬನಹಟ್ಟಿಯ ನೇಕಾರರ ಮನೆಯವಳು. ನಮ್ಮ ಮನೆಯಲ್ಲಿ ತೂಕ ಅಂದರೆ ಎದೆ ಡವಗುಟ್ಟುತ್ತಿತ್ತು. ಸಾಹುಕಾರ ನೂಲು ತೂಗಿ ಕೊಡುತ್ತಿದ್ದ, ಅಪ್ಪ ನೇಯ್ದು ಒಯ್ದ ಸೀರೆ ತೂಗಿ ತೆಗೆದುಕೊಳ್ಳುತ್ತಿದ್ದ. ಕೊಟ್ಟದ್ದಕ್ಕೂ ಬಂದದ್ದಕ್ಕೂ ತಾಳೆಯಾಗದಿದ್ದರೆ ಮಜೂರಿಯಲ್ಲಿ ಕಡಿತ. ಹಾಗಾಗಿ ಕೆಳಮನೆಯ ಅಜ್ಜಿ, ಅಂದರೆ ನಮ್ಮ ಮನೆಯೊಡತಿ, ಮೊದಲ ಸಲ ಕೋಲು ಹಿಡಿದು ಅಂಗಳಕ್ಕೆ ಬಂದಾಗ ನನ್ನ ಕೈ ತಾನಾಗಿಯೇ ಮಗಳ ಹೆಗಲ ಮೇಲೆ ಬಿತ್ತು.

ಆಮೇಲೆ ಅಜ್ಜಿಯ ಬಾಯಿಂದ ಕಥೆ ಕೇಳಿದೆ. ಅವರದು ಅಚ್ಚ ಶಾವೊಶಿಂಗ್ ಮಾತು. ಮೊಮ್ಮಗ ಅದನ್ನು ಶಾಲೆಯ ಚೀನೀ ಭಾಷೆಗೆ ತಿರುಗಿಸಿ ಹೇಳುತ್ತಿದ್ದ. ಮೂರು ರಾಜ್ಯಗಳ ಕಾಲದಲ್ಲಿ ಶು ರಾಜ್ಯದ ಕೊನೆಯ ದೊರೆ ಲ್ಯೂ ಶಾನ್. ಕೂಸಾಗಿದ್ದಾಗಿನ ಅಡ್ಡಹೆಸರು ಆದೌ. ಮಂತ್ರಿ ಝುಗೆ ಲ್ಯಾಂಗ್ ಸಾಯುವಾಗ, ತಾನು ಗೆದ್ದು ಗೆಳೆಯನನ್ನಾಗಿ ಮಾಡಿಕೊಂಡ ದಕ್ಷಿಣದ ನಾಯಕ ಮೆಂಗ್ ಹುವೊನನ್ನು ಕರೆದು, ವರ್ಷಕ್ಕೊಮ್ಮೆ ನನ್ನ ದೊರೆಯನ್ನು ಹೋಗಿ ನೋಡು ಎಂದು ಮಾತು ತೆಗೆದುಕೊಂಡನಂತೆ. ಮುಂದೆ ರಾಜ್ಯ ಬಿತ್ತು. ಆದೌನನ್ನು ಗೆದ್ದವರ ರಾಜಧಾನಿ ಲುವೊಯಾಂಗ್‌ಗೆ ಒಯ್ದರು. ಮೆಂಗ್ ಹುವೊ ಕೊಟ್ಟ ಮಾತಿಗೆ ತಪ್ಪದೆ ಪ್ರತಿ ಲೀಶ್ಯಾಕ್ಕೆ ಸೈನ್ಯ ಕಟ್ಟಿಕೊಂಡು ಬಂದು, ದೊಡ್ಡ ಕೋಲಿನಲ್ಲಿ ಆದೌನನ್ನು ತೂಗಿಸುತ್ತಿದ್ದ. ಹೋದ ವರ್ಷಕ್ಕಿಂತ ಇಳಿದಿದ್ದರೆ ಯುದ್ಧ. ಹೆದರಿದ ಅರಮನೆಯವರು ಅವನಿಗೆ ಬಟಾಣಿ ಬೆರೆಸಿದ ಅಂಟಕ್ಕಿಯ ಅನ್ನ ಹೊಟ್ಟೆ ತುಂಬ ಬಡಿಸಿ ತೂಕ ಏರಿಸುತ್ತಿದ್ದರಂತೆ. ಲೀಶ್ಯಾಕ್ಕೆ ಇಂದಿಗೂ ಅದೇ ಅನ್ನ ಮಾಡುತ್ತಾರೆ.

ಇತಿಹಾಸಕ್ಕೆ ಇದು ಹೊಂದುವುದಿಲ್ಲ. ಲ್ಯೂ ಶಾನ್ ಹುಟ್ಟಿದ್ದು 207ರಲ್ಲಿ, ಶರಣಾದದ್ದು 263ರಲ್ಲಿ. ಲುವೊಯಾಂಗ್‌ಗೆ ಹೋದಾಗ ಐವತ್ತು ದಾಟಿದ ಗಂಡಸು; 271ರಲ್ಲಿ ಅಲ್ಲೇ ತೀರಿಕೊಂಡ. ಆದರೆ ಜನರ ಕಥೆ ಅವನನ್ನು ಕೂಸಿನ ಹೆಸರಿನಿಂದಲೇ ಕರೆಯುತ್ತದೆ, ಬುಟ್ಟಿಯಲ್ಲಿ ಕೂರಿಸುತ್ತದೆ. ನನಗೆ ಇದರ ಅರ್ಥ ಹೊಳೆದದ್ದು ನೂಲಿನ ನೆನಪಿನಿಂದ. ಇನ್ನೊಬ್ಬರ ಕೈಗೆ ಒಪ್ಪಿಸಿದ್ದು ಕಡಿಮೆಯಾಗದೆ ಉಳಿದಿದೆಯೇ ಎಂದು ಕೇಳುವ ಹಕ್ಕು ಒಬ್ಬರಿಗಾದರೂ ಇರಬೇಕು. ನಮ್ಮಲ್ಲಿ ಆ ಹಕ್ಕು ಸಾಹುಕಾರನದಾಗಿತ್ತು. ಈ ಕಥೆಯಲ್ಲಿ ಅದು ಮಗುವಿನ ಪರ ನಿಂತವನದು.

ಬರಹದ ದಾಖಲೆಯಲ್ಲಿ ಕಥೆಗಿಂತ ಆರೋಗ್ಯದ ಚಿಂತೆಯೇ ಮುಂದೆ. ಸುಝೌ ಸೀಮೆಯ ಆಚಾರಗಳನ್ನು ತಿಂಗಳುವಾರು ಬರೆದಿಟ್ಟ ಗು ಲು ಎಂಬವನ ಪುಸ್ತಕ 1830ರದು. ಮನೆಮನೆಯಲ್ಲೂ ದೊಡ್ಡ ಕೋಲಿನಿಂದ ಜನರನ್ನು ತೂಗುತ್ತಾರೆ, ಬೇಸಿಗೆಯಲ್ಲಿ ಸೊರಗಿದರೋ ತುಂಬಿಕೊಂಡರೋ ತಿಳಿಯಲು ಲೀಚ್ಯೂ ದಿನ ಮತ್ತೆ ತೂಗುತ್ತಾರೆ ಎಂದು ಅವನು ಬರೆದಿದ್ದಾನೆ. ಲೀಚ್ಯೂ ಅಂದರೆ ಶರತ್ಕಾಲದ ಮೊದಲ ದಿನ, ಆಗಸ್ಟ್ 7 ಅಥವಾ 8. ನಡುವಿನ ಮೂರು ತಿಂಗಳು ಇಲ್ಲಿ ಬೆವರು ಆರುವುದೇ ಇಲ್ಲ. ಮೊದಲು ವಾರಗಟ್ಟಲೆ ಜಿಟಿಜಿಟಿ ಮಳೆ, ಬಟ್ಟೆಗೆಲ್ಲ ಬೂಷ್ಟು. ಆಮೇಲೆ ಕುದಿಯುವ ಧಗೆ. ಮಕ್ಕಳು ತಟ್ಟೆ ಮುಂದೆ ಕೂತು ಮುಖ ತಿರುಗಿಸುತ್ತಾರೆ. ಔಷಧ ಕೈಗೆಟುಕದ ಕಾಲದಲ್ಲಿ ಒಂದೆರಡು ಜಿನ್ (ಇಲ್ಲಿನ ತೂಕದ ಅಳತೆ) ಇಳಿದರೂ ತಾಯಿಗೆ ನಿದ್ದೆ ಬರುತ್ತಿರಲಿಲ್ಲ ಎಂಬುದು ನನಗೆ ಸುಲಭವಾಗಿ ಅರ್ಥವಾಗುತ್ತದೆ.

ಅಜ್ಜಿಯ ಕೋಲು ಅವರ ಮಾವನ ಕಾಲದ್ದು. ಗಟ್ಟಿ ಮರ, ಕೈ ಸವರಿ ಸವರಿ ಕಪ್ಪಗೆ ಹೊಳೆಯುತ್ತದೆ. ಒಂದು ತುದಿಗೆ ಕಬ್ಬಿಣದ ಕೊಕ್ಕೆ, ಉದ್ದಕ್ಕೂ ಹಿತ್ತಾಳೆಯ ಚುಕ್ಕಿ, ಅದರ ಮೇಲೆ ಹಗ್ಗದಲ್ಲಿ ಜಾರುವ ಗುಂಡು. ಹಳೆಯ ಲೆಕ್ಕದಲ್ಲಿ 16 ಲ್ಯಾಂಗ್‌ಗೆ ಒಂದು ಜಿನ್. 1959ರಲ್ಲಿ ಸರಕಾರ ಅದನ್ನು 10 ಲ್ಯಾಂಗ್ ಮಾಡಿತು. ನಮ್ಮ ಹದಿನಾರಾಣೆಯ ರೂಪಾಯಿ 1957ರಲ್ಲಿ ನೂರು ಪೈಸೆಯಾದದ್ದಕ್ಕೆ ಎರಡೇ ವರ್ಷದ ಅಂತರ. ಹಳೆಯ ಜಿನ್‌ನ ಆ ಹದಿನಾರು ಚುಕ್ಕಿಗಳನ್ನು ನಕ್ಷತ್ರವೆಂದೇ ಕರೆಯುತ್ತಾರೆ. ಉತ್ತರದ ಏಳು, ದಕ್ಷಿಣದ ಆರು, ಉಳಿದ ಮೂರು ಭಾಗ್ಯ, ಸಂಪತ್ತು, ಆಯುಸ್ಸು. ಒಂದು ಲ್ಯಾಂಗ್ ಕದ್ದ ವ್ಯಾಪಾರಿಗೆ ಭಾಗ್ಯ ಹೋಗುತ್ತದೆ, ಎರಡು ಕದ್ದರೆ ಸಂಪತ್ತು, ಮೂರು ಕದ್ದರೆ ಆಯುಸ್ಸು. ಈಗ ಸಂತೆಯ ಕಾಯಿಪಲ್ಯದವರ ಹತ್ತಿರವೂ ಎಲೆಕ್ಟ್ರಾನಿಕ್ ತಕ್ಕಡಿ. ಕೋಲು ಹೊರಬರುವುದು ಮಕ್ಕಳಿಗಾಗಿ.

ಆ ಮೊದಲ ಸಲ ಅಂಗಳದಲ್ಲಿ ಇಬ್ಬರು ಗಂಡಸರು ಬಿದಿರಿನ ಬೊಂಬು ಹೆಗಲಿಗೆ ಕೊಟ್ಟು ನಿಂತರು. ಅದಕ್ಕೆ ಕೋಲು ಕಟ್ಟಿ, ಕೊಕ್ಕೆಗೆ ಬುಟ್ಟಿ ಸಿಕ್ಕಿಸಿ, ಮಗಳನ್ನು ಕೂರಿಸಿದರು. ಅವಳು ಬುಟ್ಟಿಯ ಅಂಚು ಹಿಡಿದು ಉಸಿರು ಬಿಗಿಹಿಡಿದಳು. ಅಜ್ಜಿ ಗುಂಡನ್ನು ಒಳಗಿಂದ ಹೊರಕ್ಕೇ ಸರಿಸಬೇಕು. ಹಿಂದಕ್ಕೆ ಎಳೆದರೆ ಮಗು ಇಳಿಯುತ್ತದೆಂಬ ನಂಬಿಕೆ. ಅಂಕಿ ಒಂಬತ್ತಕ್ಕೆ ನಿಲ್ಲಬಾರದು. ನಿಂತರೆ ಇನ್ನೊಂದು ಸೇರಿಸಿ ಹೇಳಬೇಕು. ಕೋಲು ನೆಟ್ಟಗೆ ನಿಂತಾಗ ಅಜ್ಜಿ ಗಟ್ಟಿಯಾಗಿ ತೂಕ ಕೂಗಿದರು, ಸುತ್ತಲಿದ್ದವರು ಒಳ್ಳೆಯ ಮಾತು ಸೇರಿಸಿದರು. ವಿದೇಶಿಯರಾದ ನಾವು ಮನೆಗೆ ಬಂದು ಸೇರಿದ 24 ಗಂಟೆಯೊಳಗೆ ಪೊಲೀಸರಲ್ಲಿ ಹೆಸರು ಬರೆಸಬೇಕು. ಆ ಲೆಕ್ಕ ಬೇರೆ. ಅಜ್ಜಿ ತೂಕ ಬರೆದಿಡುವ ತಮ್ಮ ಪುಸ್ತಕದಲ್ಲಿ ಮೊಮ್ಮಗನ ಹೆಸರಿನ ಕೆಳಗೆ ನನ್ನ ಮಗಳ ಹೆಸರು ಬರೆದಾಗ ಈ ಊರಿನಲ್ಲಿ ನಮ್ಮವರು ಅಂತ ಒಬ್ಬರಿದ್ದಾರೆ ಅನಿಸಿತು.

ಅವ್ವನಿಗೆ ಫೋನಿನಲ್ಲಿ ಹೇಳಿದರೆ ಗಾಬರಿಯಾದಳು. "ಕೂಸಿನ ತೂಕ ಹಂಗ ಮಂದಿ ಮುಂದ ಕೂಗಿ ಹೇಳ್ತಾರೇನ? ದೃಷ್ಟಿ ಆಕ್ಕೈತಿ, ಮೊದಲ ನಿವಾಳಿಸಿ ಒಗಿ." ಅವಳ ಪ್ರಕಾರ ಮಗುವನ್ನು ತೂಗುವುದು ದೇವರ ಮುಂದೆ ಮಾತ್ರ. ತುಲಾಭಾರಕ್ಕೆ ಬೆಲ್ಲವೋ ಅಕ್ಕಿಯೋ ಇಟ್ಟು ಸಮ ಮಾಡಿ ಕೊಟ್ಟರೆ ಮುಗಿಯಿತು. ಅಂಕಿ ಎಷ್ಟೆಂದು ಯಾರೂ ಕೇಳುವುದಿಲ್ಲ. ಹಂಪಿಯ ವಿಠಲ ಗುಡಿಯ ಹತ್ತಿರ ದೊರೆಗಳನ್ನು ತೂಗಿದ ಕಲ್ಲಿನ ಕಮಾನಿದೆಯಲ್ಲ, ಅಲ್ಲೂ ಅಷ್ಟೇ, ತೂಕ ದಾನವಾಗಿ ಕರಗಿಹೋಯಿತು. ಇಲ್ಲಿ ತೂಕವನ್ನು ಆಗಸ್ಟ್‌ವರೆಗೆ ಕಾಪಾಡಿ ಇಡುತ್ತಾರೆ. ಅವ್ವ ಹೇಳಿದಂತೆ ಉಪ್ಪು ಮೆಣಸಿನಕಾಯಿ ನಿವಾಳಿಸಿದೆ. ಎರಡೂ ಆಗಲಿ, ಮಗುವಿಗೆ ಒಳ್ಳೆಯದೇ.

ಆ ದಿನ ಮಕ್ಕಳ ಕೊರಳಲ್ಲಿ ಬಣ್ಣದ ಬಲೆಚೀಲ, ಅದರೊಳಗೆ ಬೇಯಿಸಿದ ಮೊಟ್ಟೆ. ಶಿಶುವಿಹಾರದಲ್ಲಿ ಮೊಟ್ಟೆಯ ಚೂಪು ತುದಿಗೆ ಚೂಪು ತುದಿ ಡಿಕ್ಕಿ ಹೊಡೆಸುತ್ತಾರೆ. ಒಡೆಯದೆ ಉಳಿದದ್ದು ಗೆದ್ದಿತು. ನಮ್ಮ ಮನೆಯಲ್ಲಿ ಮೊಟ್ಟೆ ಒಲೆ ಏರಿದ್ದೇ ಇಲ್ಲ. ಬೇಯಿಸುವ ಕೆಲಸ ಅಜ್ಜಿ ವಹಿಸಿಕೊಂಡರು, ಚೀಲ ನಾನು ಹೆಣೆದೆ. ಮಾರುಕಟ್ಟೆಯ ನೂಲಿನಂಗಡಿಯಿಂದ ಐದು ಬಣ್ಣ ತಂದು, ಎಳೆಗಳನ್ನು ಬಾಗಿಲ ಚಿಲಕಕ್ಕೆ ಕಟ್ಟಿ, ಎರಡೆರಡು ಎಳೆ ಸೇರಿಸಿ ಗಂಟು, ಬೆರಳಗಲ ಬಿಟ್ಟು ಪಕ್ಕದ ಎಳೆಯ ಜೊತೆ ಮತ್ತೊಂದು ಗಂಟು. ಪಾಲಿಯೆಸ್ಟರ್ ಜಾರುತ್ತದೆ, ನಮ್ಮೂರ ಹತ್ತಿಯ ಹಾಗೆ ಗಂಟು ಕಚ್ಚುವುದಿಲ್ಲ. ಅಪ್ಪ ಕಡಿದ ಎಳೆ ಕೂಡಿಸುವಾಗ ಮಾಡುತ್ತಿದ್ದಂತೆ ಎಂಜಲು ಹಚ್ಚಿ ಹೊಸೆದು ಬಿಗಿದೆ. ಸಂಜೆ ಶಾಲೆಯ ಗೇಟಿನಲ್ಲಿ ಅಜ್ಜಿಯರೆಲ್ಲ ಆ ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದರು. ಮಗಳು ಮೊಟ್ಟೆಯನ್ನು ಗೆಳತಿಗೆ ಕೊಟ್ಟು ಚೀಲ ಉಳಿಸಿಕೊಂಡಿದ್ದಳು. ಆ ಗೇಟಿನ ಬಳಿಯೇ ನನಗೆ ಪರಿಚಯಗಳು ಬೆಳೆದದ್ದು. ಅಲ್ಲಿ ಕಾಯುವವರಲ್ಲಿ ಅಪ್ಪ ಅಮ್ಮಂದಿರು ಕಡಿಮೆ. ಕೈಯಲ್ಲಿ ಬಿಸಿನೀರಿನ ಬಾಟಲಿ ಹಿಡಿದ ಅಜ್ಜ ಅಜ್ಜಿಯರೇ ಹೆಚ್ಚು.

ಕೆಚಿಯಾವ್‌ನ ಮಗ್ಗ, ಬಣ್ಣದ ಮನೆಗಳಲ್ಲಿ ದುಡಿಯುವವರು ಅನ್ಹುಯಿ, ಜಿಯಾಂಗ್ಶಿ, ಗುಯ್‌ಝೌ, ಸಿಚುವಾನ್‌ಗಳಿಂದ ಬಂದವರು. ಎಷ್ಟೋ ಮಂದಿಯ ಮಕ್ಕಳು ಹಳ್ಳಿಯಲ್ಲೇ ಅಜ್ಜಿಯ ಹತ್ತಿರ. ಬೇಸಿಗೆ ರಜೆಗೆ ಜುಲೈಯಲ್ಲಿ ಬಂದು ಆಗಸ್ಟ್ ಕೊನೆಗೆ ಮರಳುತ್ತಾರೆ. ನಮ್ಮ ಹಿತ್ತಲ ಕೋಣೆಯ ಬಾಡಿಗೆಯವ ಗುಯ್‌ಝೌನವನು, ಬಣ್ಣದ ಮನೆಯಲ್ಲಿ ರಾತ್ರಿಪಾಳಿ. ಅವನ ಮಗಳು ರಜೆಗೆ ಬಂದ ವರ್ಷ ಲೀಚ್ಯೂ ದಿನ ಅಜ್ಜಿ ಅವಳನ್ನೂ ಬುಟ್ಟಿಯಲ್ಲಿ ಕೂರಿಸಿದರು. ಲೀಶ್ಯಾದ ಅಂಕಿ ಇಲ್ಲದೆ ಹೋಲಿಸುವುದು ಹೇಗೆ ಎಂದು ನಾನು ಕೇಳಿದೆ. ಅಜ್ಜಿ ಹೊಸ ಸಾಲು ತೆಗೆದು ತೂಕ ಬರೆದುಕೊಂಡರು. ಆಮೇಲೆ ಅದನ್ನೇ ಚೀಟಿಯಲ್ಲಿ ಬರೆದು ಹುಡುಗಿಯ ಅಪ್ಪನ ಕೈಗಿಟ್ಟರು: "ಇದನ್ನು ಇವಳ ಜೊತೆ ಊರಿಗೆ ಕಳಿಸು. ಬರುವ ಲೀಶ್ಯಾಕ್ಕೆ ಅಲ್ಲಿನ ಅಜ್ಜಿ ತೂಗಿ ನನಗೆ ಹೇಳಲಿ."