ನೀಟ್ ಮತ್ತೊಮ್ಮೆ ಬರೆಯುವವರಿಗೆ: ಎರಡನೇ ಪ್ರಯತ್ನದ ಸಿದ್ಧತೆ

ವೈದ್ಯಕೀಯ ಪದವಿ ಪ್ರವೇಶದ ನೀಟ್ ಪರೀಕ್ಷೆಯನ್ನು ಎಷ್ಟು ಬಾರಿ ಬೇಕಾದರೂ ಬರೆಯಬಹುದು. ಗರಿಷ್ಠ ವಯೋಮಿತಿಯನ್ನೂ 2022ರಲ್ಲಿ ತೆಗೆದುಹಾಕಲಾಗಿದೆ. ಆದರೆ ದೇಶದೊಳಗಿನ ಪ್ರವೇಶಕ್ಕೆ ಹಿಂದಿನ ವರ್ಷದ ಅಂಕ ನಡೆಯುವುದಿಲ್ಲ. ಮೊದಲ ಸಲ 450 ಪಡೆದವರು ಮರುವರ್ಷ 420 ಪಡೆದರೆ ಆ ವರ್ಷ 420ರ ಮೇಲೆಯೇ ಸೀಟು ಹಂಚಿಕೆ. ಆದ್ದರಿಂದ ಇದು ಮನೆಯವರೆಲ್ಲ ಕುಳಿತು ಯೋಚಿಸಬೇಕಾದ ನಿರ್ಧಾರ. ದ್ವಿತೀಯ ಪಿಯುಸಿಯನ್ನು ಮತ್ತೆ ಬರೆಯುವ ಅಗತ್ಯವಿಲ್ಲ. ಅದರ ಅಂಕ ಕನಿಷ್ಠ ಅರ್ಹತೆಗೆ ಮಾತ್ರ, ರ‍್ಯಾಂಕ್‌ಗೆ ಅಲ್ಲ.

ಹೆಚ್ಚಿನವರು ಜೂನ್‌ನಲ್ಲಿ ಲಾಂಗ್ ಟರ್ಮ್ ಕೋಚಿಂಗ್ ಸೇರಿ ಮೊದಲ ಪಾಠದಿಂದ ಎಲ್ಲವನ್ನೂ ಮತ್ತೆ ಓದತೊಡಗುತ್ತಾರೆ. ಅದಕ್ಕೆ ಮೊದಲು ಆಗಬೇಕಾದ ಕೆಲಸ ಬೇರೆಯೇ ಇದೆ. ಪರೀಕ್ಷೆ ನಡೆಸುವ ಎನ್‌ಟಿಎ, ಅಭ್ಯರ್ಥಿಯ ಒಎಂಆರ್ ಹಾಳೆಯ ಚಿತ್ರ ಮತ್ತು ಕೀ ಉತ್ತರಗಳನ್ನು ಜಾಲತಾಣದಲ್ಲಿ ಪ್ರಕಟಿಸುತ್ತದೆ. ಇವನ್ನು ಇಳಿಸಿಕೊಂಡು ಪ್ರಶ್ನೆಪತ್ರಿಕೆಯ ಜೊತೆ ಇಟ್ಟುಕೊಂಡು, ಕಳೆದುಹೋದ ಪ್ರತಿಯೊಂದು ಪ್ರಶ್ನೆಯ ಎದುರು ಕಾರಣ ಬರೆಯಬೇಕು: ಪಾಠವೇ ಗೊತ್ತಿರಲಿಲ್ಲವೆ, ಗೊತ್ತಿದ್ದೂ ಲೆಕ್ಕ ತಪ್ಪಿತೆ, ಊಹಿಸಿ ಗುರುತು ಮಾಡಿದ್ದೆ, ಸಮಯ ಸಾಲಲಿಲ್ಲವೆ? ಬೇಸರದ ಕೆಲಸ ನಿಜ, ಎರಡು ಮೂರು ದಿನ ಹಿಡಿಯುತ್ತದೆ. ಆದರೆ ಇಡೀ ವರ್ಷದ ಓದಿನ ಯೋಜನೆ ಹುಟ್ಟುವುದು ಇಲ್ಲಿಂದಲೇ.

2025ರ ಪರೀಕ್ಷೆಯಲ್ಲಿ 180 ನಿಮಿಷಕ್ಕೆ 180 ಪ್ರಶ್ನೆ, ಒಟ್ಟು 720 ಅಂಕ. ಸರಿಯುತ್ತರಕ್ಕೆ 4 ಅಂಕ ಸಿಗುತ್ತದೆ, ತಪ್ಪಿಗೆ 1 ಹೋಗುತ್ತದೆ. 120 ಸರಿ, 50 ತಪ್ಪು ಮಾಡಿ 10 ಬಿಟ್ಟವರಿಗೆ ಸಿಗುವುದು 430. ಆ ಐವತ್ತರಲ್ಲಿ 20 ಬರೀ ಲೆಕ್ಕದ ಎಡವಟ್ಟುಗಳಾಗಿದ್ದು ಅವನ್ನು ತಿದ್ದಿಕೊಂಡರೆ ಅಂಕ 530ಕ್ಕೆ ಏರುತ್ತದೆ, ಒಂದೂ ಹೊಸ ಪಾಠ ಓದದೆ.

ಊಹೆ ಮಾಡಲೇಬಾರದು ಎಂಬ ಮಾತೂ ಪೂರ್ತಿ ಸರಿಯಲ್ಲ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಗುರುತಿಸಿದರೆ ಸರಾಸರಿ ಲಾಭ ಕಾಲು ಅಂಕ, ಅಂದರೆ ಬಹುತೇಕ ಏನೂ ಇಲ್ಲ. ಎರಡು ಆಯ್ಕೆಗಳನ್ನು ಖಚಿತವಾಗಿ ತಳ್ಳಿಹಾಕಿದ್ದರೆ ಅದು ಒಂದೂವರೆ ಅಂಕಕ್ಕೆ ಏರುತ್ತದೆ. ಅಣಕು ಪರೀಕ್ಷೆಗಳಲ್ಲಿ ಇಂಥ ಉತ್ತರಗಳಿಗೆ ಬೇರೆ ಗುರುತು ಹಾಕಿ, ಎಷ್ಟು ಸರಿಯಾದವು ಎಂದು ಎಣಿಸಿದರೆ ತಮ್ಮ ಊಹೆಯನ್ನು ಎಷ್ಟು ನಂಬಬಹುದೆಂದು ತಿಳಿಯುತ್ತದೆ.

ಜೀವಶಾಸ್ತ್ರಕ್ಕೆ 90 ಪ್ರಶ್ನೆ, ಅಂದರೆ ಅರ್ಧದಷ್ಟು ಅಂಕ. ಇಬ್ಬರಿಗೆ ಸಮಾನ ಅಂಕ ಬಂದರೆ ಮೊದಲು ನೋಡುವುದೂ ಜೀವಶಾಸ್ತ್ರದ ಅಂಕವನ್ನೇ. ಇದಕ್ಕೆ ಎನ್‌ಸಿಇಆರ್‌ಟಿ ಪುಸ್ತಕದ ಸಾಲು, ಚಿತ್ರ, ಕೋಷ್ಟಕ ಯಾವುದನ್ನೂ ಬಿಡದೆ ಓದುವುದಕ್ಕಿಂತ ಒಳ್ಳೆಯ ದಾರಿ ಇಲ್ಲ. ಭೌತಶಾಸ್ತ್ರಕ್ಕೆ ಓದು ಸಾಲದು. ಕೈಯಲ್ಲಿ ಲೆಕ್ಕ ಮಾಡಿಯೇ ಆಗಬೇಕು. ಕನ್ನಡದಲ್ಲಿ ಬರೆಯುವವರಿಗೆ ಎರಡೂ ಭಾಷೆಯ ಪ್ರಶ್ನೆಪತ್ರಿಕೆ ಸಿಗುತ್ತದೆ. ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಪಾಠವೇ ಅಂತಿಮವಾದ್ದರಿಂದ ಇಂಗ್ಲಿಷ್ ಪಾರಿಭಾಷಿಕ ಪದಗಳ ಪರಿಚಯ ಬೇಕು.

ಬಿಎಸ್‌ಸಿಯಂಥ ಕೋರ್ಸ್ ಸೇರಿ ಓದುತ್ತಲೇ ತಯಾರಿ ನಡೆಸುವವರೂ ಇದ್ದಾರೆ. ಸಮಯ ಕಡಿಮೆಯಾಗುತ್ತದೆ, ಆದರೆ ವರ್ಷ ವ್ಯರ್ಥವಾಗುವ ಭಯವಿಲ್ಲ. ಈಗಾಗಲೇ ಕೆಇಎ ಮೂಲಕ ಸೀಟು ಪಡೆದವರು ಅದನ್ನು ಬಿಡುವ ಮುನ್ನ ಯಾವ ಸುತ್ತಿನವರೆಗೆ ದಂಡವಿಲ್ಲದೆ ಬಿಡಬಹುದು, ಮೂಲ ದಾಖಲೆಗಳು ಯಾವಾಗ ವಾಪಸ್ ಸಿಗುತ್ತವೆ ಎಂಬುದನ್ನು ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಓದಿಕೊಳ್ಳಬೇಕು.

ಪರೀಕ್ಷೆ ಮಧ್ಯಾಹ್ನ 2ರಿಂದ ನಡೆಯುವ ಕಾರಣ, ಕೊನೆಯ ಎರಡು ತಿಂಗಳ ಅಣಕು ಪರೀಕ್ಷೆಗಳನ್ನೂ ಊಟವಾದ ಮೇಲೆ ಅದೇ ಹೊತ್ತಿಗೆ, ಒಎಂಆರ್ ಹಾಳೆಯ ಮೇಲೆ ಪೆನ್ನಿನಲ್ಲೇ ಬರೆಯುವುದು ಒಳ್ಳೆಯದು.